ನಿಮ್ಮ ತಮ್ಮ ಸಮುದ್ರ ಗೆದ್ದ ಕಥೆ

"ಹಲೋ… ಹಲೋ? ಯಾರು ಮಾತಾಡ್ತಿರೋದು?… ಯಾರು? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಗಾಳಿ ಜಾಸ್ತಿ… ಓ, ಅತ್ತಿಗೆ! ನೀವಾ?"

ಊರಿನಿಂದ ಫೋನ್ ಮಾಡಿದ್ದು ಗಂಡನ ಅಕ್ಕ. ಇತ್ತ ಫೋನ್ ಎತ್ತಿದಾಕೆ ಚುಕ್ಕಾಣಿಯ ಹಿಡಿಯನ್ನು ತೊಡೆಯಿಂದ ಒತ್ತಿ ಹಿಡಿದು, ಸ್ಯಾಟಲೈಟ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು. ಸುತ್ತ ಕಣ್ಣು ಹಾಯಿಸಿದಷ್ಟು ದೂರ ನೀರು ಬಿಟ್ಟರೆ ಬೇರೇನಿಲ್ಲ. ಆಕೆ ಶಾಲೆಯಲ್ಲಿ ಆಟದ ಮೇಡಂ ಆಗಿದ್ದವಳು, ಗಂಡ ದೊಡ್ಡ ಕಚೇರಿಯಲ್ಲಿ ಮೇಲಧಿಕಾರಿ. ಇಬ್ಬರೂ ನಿವೃತ್ತರಾದ ಮೇಲೆ ಆತ ಹಟ ಹಿಡಿದು ಕೊಂಡ ಹಾಯಿದೋಣಿ ಇದು. ಬೇಡ ಬೇಡ ಎಂದವಳು ಆಕೆಯೇ. ಈಗ ದೋಣಿ ನಡೆಸುತ್ತಿರುವವಳೂ ಆಕೆಯೇ. ಆತ ಕೆಳಗೆ ಕ್ಯಾಬಿನ್ನಿನಲ್ಲಿ ಬಕೆಟ್ ತಬ್ಬಿಕೊಂಡು ಮಲಗಿದ್ದ.

"ಹಾಂ, ಚೆನ್ನಾಗಿದಾರೆ… ನಾನಾ? ನಾನೂ ಇದೀನಿ… ಊಟ ಮಾಡ್ತಾರಾ ಅಂತನಾ? ಮಾಡ್ತಾರೆ ಅತ್ತಿಗೆ. ತಿಂದಿದ್ದು ಒಳಗೆ ಉಳಿಯೋದು ಮಾತ್ರ ಅವರ ಕೈಲಿಲ್ಲ."

"… ಏನು? ಸನ್ಮಾನನಾ? ಯಾರಿಗೆ?"

"… ಇವರಿಗಾ! ಯಾರು, ನಿವೃತ್ತರ ಸಂಘದವರಾ?… ಹಾಲ್ ಕೂಡ ಗೊತ್ತು ಮಾಡಿಬಿಟ್ರಾ? ಅಯ್ಯೋ ದೇವರೇ. ಅಲ್ಲ, ಏನು ಕಡಿದು ಕಟ್ಟೆ ಹಾಕಿದ್ರು ಅಂತ?"

"… ಬಿರುಗಾಳಿ. ಹೂಂ. ಅದನ್ನ ನಿಮಗೆ ಯಾರು ಹೇಳಿದ್ರು?… ಓಹೋ! ಹಿಂದಿನ ಬಂದರಿಂದ ಇವರೇ ಫೋನ್ ಮಾಡಿದ್ರಾ? ವಾಂತಿ ಮಾತ್ರೆ ತಗೊಂಡು ಬರ್ತೀನಿ ಅಂತ ಹೋದೋರು ಅಷ್ಟು ಹೊತ್ತು ಯಾಕೆ ಬರ್ಲಿಲ್ಲ ಅಂತ ಈಗ ಗೊತ್ತಾಯ್ತು ಬಿಡಿ. ನಾನು ನೀರಿನ ಕ್ಯಾನ್ ಹೊರ್ತಾ ಇದ್ದೆ."

ಆ ಬಂದರು ಮುಟ್ಟುವ ಹಿಂದಿನ ದಿನ ಎದ್ದಿತ್ತು ಬಿರುಗಾಳಿ. ಅಂದಿನಿಂದ ಇಂದಿನವರೆಗೆ ಗಂಡಹೆಂಡಿರಲ್ಲಿ ಯಾರೊಬ್ಬರೂ ಅದರ ಮಾತೆತ್ತಿರಲಿಲ್ಲ. ಆತನಿಗೆ ನಾಚಿಕೆಯಾಗಿರಬೇಕು, ತಾನಾಗಿ ಬಾಯಿ ಬಿಡಲಿ ಎಂದು ಆಕೆ ಸುಮ್ಮನಿದ್ದಳು.

"ಪೂರ್ತಿ ಹೇಳಿ ಅತ್ತಿಗೆ, ನಾನೂ ಕೇಳೋಣ. ನಾನೂ ಅಲ್ಲೇ ಇದ್ದೆ, ಆದ್ರೂ ನಂಗೆ ಗೊತ್ತಿಲ್ಲದ ಸಂಗತಿ ಬಹಳ ಇದ್ದಂಗಿದೆ."

"… ಹಾಂ… ಅಲೆ ಮನೆಯೆತ್ತರ ಇತ್ತಾ? ಸರಿ… ಒಬ್ಬರೇ ತೆವಳ್ಕೊಂಡು ಹೋಗಿ ಹಾಯಿ ಇಳಿಸಿದ್ರಾ! ಭೇಷ್… ಮತ್ತೆ ಅಷ್ಟು ಹೊತ್ತು ನಾನೆಲ್ಲಿದ್ದೆ ಅಂತೆ?"

"… ಇನ್ನೊಂದ್ಸಲ ಹೇಳಿ?"

"… ನನ್ನ ಒಳಗೆ ಕೂರಿಸಿ ಬಾಗಿಲು ಹಾಕಿದ್ರಾ. ನಂಗೇನೂ ಆಗಬಾರದು ಅಂತ. ಹೂಂ… ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಅಂತೀರಾ?"

ಆಕೆಗೆ ನಗು ಬಂತು. ಸುಖದ ನಗುವಲ್ಲ.

"ಅತ್ತಿಗೆ, ಬಾಗಿಲು ಹಾಕಿದ್ದು ನಿಜ. ಅದೊಂದು ಸುಳ್ಳಲ್ಲ. ಆದ್ರೆ ಹಾಕಿದ್ದು ಒಳಗಿಂದ. ಒಳಗಿದ್ದಿದ್ದು ನಿಮ್ಮ ತಮ್ಮ."

"… ತಮಾಷೆ ಮಾಡೋ ವಯಸ್ಸಾ ನಂದು?"

ಅಂದು ಮಧ್ಯಾಹ್ನ ಆಕಾಶ ಕಪ್ಪಿಡುತ್ತಿದ್ದಂತೆಯೇ ಹಾಯಿ ಇಳಿಸೋಣ ಎಂದಿದ್ದಳು ಆಕೆ. "ಇಲ್ಲಿ ಕ್ಯಾಪ್ಟನ್ ಯಾರು?" ಎಂದು ಆತ ಗದರಿದ್ದ. ಮೊದಲ ದೊಡ್ಡ ಅಲೆ ಡೆಕ್ಕಿನ ಮೇಲೆ ಬಂದು ಒಡೆದಾಗ ಕ್ಯಾಪ್ಟನ್ ನಾಪತ್ತೆ. ಆಕೆ ಹೊಟ್ಟೆಯ ಮೇಲೆ ತೆವಳಿಕೊಂಡು ಕಂಬದ ಬುಡಕ್ಕೆ ಹೋದಳು, ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿದ್ದ ಹಾಯಿಯನ್ನು ಎಳೆದು ಕಟ್ಟಿದಳು, ಉಗುರು ಕಿತ್ತುಬಂದ ಕೈಯಲ್ಲಿ ಕ್ಯಾಬಿನ್ನಿನ ಬಾಗಿಲು ಬಡಿದಳು. ಒಳಗಿನಿಂದ ಚಿಲಕ ಬಿದ್ದಿತ್ತು. "ತೆಗೀರಿ, ನಾನು!" ಎಂದು ಕೂಗಿದರೆ, "ನೀರು ಒಳಗೆ ಬರುತ್ತೆ ಕಣೇ" ಎಂಬ ಉತ್ತರ. ಆಮೇಲೆ ಆ ಉತ್ತರವೂ ಇಲ್ಲ. ಗಾಳಿ ತಗ್ಗುವ ತನಕ ಆಕೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಚುಕ್ಕಾಣಿಯ ಪಕ್ಕದಲ್ಲೇ ಕುಳಿತಿದ್ದಳು. ಕೊನೆಗೆ ಬಾಗಿಲು ತೆರೆದವನು ಕೇಳಿದ ಮೊದಲ ಮಾತು, "ಟೀ ಆಗುತ್ತಾ?"

ಆಕೆ ಅಷ್ಟನ್ನೂ ಹೇಳಿದಳು. ಪಂದ್ಯದ ಫಲಿತಾಂಶ ಓದುವವಳಂತೆ, ದನಿ ಏರಿಸದೆ.

"… ನಂಬಬೇಡಿ. ನಂಬಿ ಅಂತ ನಾನೆಲ್ಲಿ ಹೇಳಿದೆ?… ಆಯ್ತು, ಅವರನ್ನೇ ಕೇಳಿ. ಇಲ್ಲೇ ಇದಾರೆ, ಎಲ್ಲಿಗೆ ಹೋಗ್ತಾರೆ ಪಾಪ, ಸುತ್ತ ನೀರು. ತಾಳಿ, ಕೊಡ್ತೀನಿ."

ಚುಕ್ಕಾಣಿಗೆ ಹಗ್ಗ ಸುತ್ತಿ, ಕ್ಯಾಬಿನ್ನಿನೊಳಕ್ಕೆ ಬಗ್ಗಿ ಫೋನ್ ಚಾಚಿದಳು. ಆತ ಎದ್ದು ಕುಳಿತಿದ್ದ. ಎಲ್ಲ ಕೇಳಿಸಿಕೊಂಡಿದ್ದ, ಕಿವಿ ಕೆಂಪಾಗಿತ್ತು. ಒಂದೇ ಒಂದು ಮಾತು ಸಾಕಿತ್ತು ಆಕೆಗೆ. ಹೆದರಿಬಿಟ್ಟೆ ಅಕ್ಕ, ಅಂದಿದ್ದರೆ ಸಾಕು, ಉಳಿದದ್ದನ್ನೆಲ್ಲ ಆಕೆ ಅಲ್ಲೇ ಸಮುದ್ರಕ್ಕೆ ಎಸೆದುಬಿಡುತ್ತಿದ್ದಳು.

ಆತ ಗಂಟಲು ಸರಿಮಾಡಿಕೊಂಡ. ಬಂದದ್ದು ಕಚೇರಿಯ ದನಿ.

"ಹಾಂ ಅಕ್ಕ… ಇಲ್ಲ ಇಲ್ಲ, ಅವಳು ಹಾಗೇ ಏನೇನೋ ಹೇಳ್ತಾಳೆ… ಆವತ್ತು ತುಂಬಾ ಹೆದರಿಬಿಟ್ಟಿದ್ಳು, ಪಾಪ. ಆವಾಗಿಂದ ಸ್ವಲ್ಪ ಹೀಗೇ… ನೀನು ಮನಸ್ಸಿಗೆ ಹಚ್ಕೋಬೇಡ."

ಹೇಳುವಾಗ ಆತ ನೋಡುತ್ತಿದ್ದದ್ದು ಬಕೆಟ್ಟನ್ನು. ಮೋಸದ ಆಟ ಆಡಿದ ಹುಡುಗನ ಕೈಯಿಂದ ಚೆಂಡು ತೆಗೆದುಕೊಳ್ಳುವಂತೆ ಆಕೆ ಫೋನ್ ತೆಗೆದುಕೊಂಡಳು. ಸಿಟ್ಟು ಬರಲಿಲ್ಲ. ಸಿಟ್ಟು ಮಾಡುವಷ್ಟು ದೊಡ್ಡವನಾಗಿ ಆತ ಕಾಣಲೇ ಇಲ್ಲ.

"ಕೇಳಿದ್ರಲ್ಲ ಅತ್ತಿಗೆ… ಹಾಂ, ನಂಗೇ ತಲೆ ಕೆಟ್ಟಿದೆ, ಆಯ್ತಾ? ಸನ್ಮಾನ ಬೇಗ ಇಟ್ಕೊಳ್ಳಿ. ಸಂಜೆ ಒಳಗೆ ಒಂದು ದ್ವೀಪ ಸಿಗತ್ತೆ, ಅಲ್ಲಿಂದ ದೊಡ್ಡ ಊರಿಗೆ ಹಡಗಿದೆ. ನಿಮ್ಮ ತಮ್ಮನ್ನ ಅದಕ್ಕೆ ಹತ್ತಿಸಿ ಕಳಿಸ್ತೀನಿ."

"ಏನಂದೆ?" ಎಂದ ಗಂಡ, ಕೆಳಗಿನಿಂದ.

"ಬಟ್ಟೆ ಜೋಡಿಸ್ಕೊಳ್ಳಿ ಅಂದೆ."

"… ಇಲ್ಲ ಅತ್ತಿಗೆ, ಜಗಳ ಅಲ್ಲ. ಜಗಳ ಆಡೋಕೆ ಎದುರಿಗೆ ಒಬ್ಬರು ಇರ್ಬೇಕಲ್ವಾ?… ನಾನಾ? ನಾನ್ಯಾಕೆ ಬರ್ಲಿ? ಮುಂದೆ ಇನ್ನೂ ದ್ವೀಪಗಳಿವೆ, ಜನ ಇಲ್ಲದ್ದು. ನೋಡ್ಬೇಕು ನಂಗೆ… ಒಬ್ಬಳೇ ಹೇಗೆ ಅಂತನಾ? ಇಷ್ಟು ದೂರ ಹೇಗೆ ಬಂದೆ ಅಂದ್ಕೊಂಡ್ರಿ?… ಜನ ಏನಂತಾರೆ ಅಂದ್ರೆ, ಇಲ್ಲಿ ಜನ ಎಲ್ಲಿದಾರೆ ಅತ್ತಿಗೆ? ಮೀನಿದಾವೆ, ಅವೇನೂ ಅನ್ನಲ್ಲ."

ಗಂಡ ಎರಡೂ ಕೈಯಲ್ಲಿ ಆಧಾರ ಹಿಡಿದು ಮೆಟ್ಟಿಲು ಹತ್ತಿ ಬಂದ. ಬಿರುಗಾಳಿಯ ನಂತರ ದೋಣಿ ನಡೆಯುತ್ತಿರುವಾಗ ಆತ ಮೇಲೆ ಬಂದದ್ದು ಇದೇ ಮೊದಲು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಆಕೆಯ ಹತ್ತಿರ ಬಗ್ಗಿದ. ನನ್ನ ಕಳಿಸಬೇಡ ಅನ್ನುತ್ತಾನೇನೋ ಎಂದು ಆಕೆ ಒಂದು ಕ್ಷಣ ಫೋನನ್ನು ಕಿವಿಯಿಂದ ಸರಿಸಿದಳು.

"ಸಂಘದವರಿಗೆ ಮಾತ್ರ ಹೇಳಬಾರದು ಅಂತ ಅಕ್ಕನಿಗೆ ಹೇಳೇ," ಎಂದ ಪಿಸುದನಿಯಲ್ಲಿ.

ಆಕೆ ಆತನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಚುಕ್ಕಾಣಿಗೆ ಸುತ್ತಿದ್ದ ಹಗ್ಗ ಬಿಚ್ಚಿ, ದೋಣಿಯ ಮೂತಿಯನ್ನು ದ್ವೀಪದ ಕಡೆ ತಿರುಗಿಸಿದಳು.

"ಅತ್ತಿಗೆ, ಇದೀರಾ?… ಮೇಲೆ ಬಂದ್ರು ಈಗ. ಹೂಂ, ತಾವೇ ಹತ್ತಿ ಬಂದ್ರು… ಏನಂದ್ರಾ? ಸಂಘದವರಿಗೆ ಹೇಳಬಾರದಂತೆ… ಹೌದು, ಅಷ್ಟೇ ಅಂದಿದ್ದು. ನನ್ನ ವಿಷಯ ಏನೂ ಇಲ್ಲ… ಈಗ ನಂಬಿಕೆ ಬಂತಾ?… ಅತ್ತಿಗೆ? ಅಳ್ತಿದೀರಾ? ಅಳಬೇಡಿ. ನಿಮ್ಮ ತಮ್ಮ ಮುಳುಗೋ ಪೈಕಿ ಅಲ್ಲ. ಸನ್ಮಾನದಲ್ಲಿ ಮಾತಾಡೋಕೆ ಹೇಳಿದ್ರೆ ಚೆನ್ನಾಗೇ ಮಾತಾಡ್ತಾರೆ, ಹಾಲ್ ಬಾಗಿಲು ಮಾತ್ರ ತೆಗೆದೇ ಇಟ್ಟಿರಿ, ಒಳಗಿಂದ ಚಿಲಕ ಹಾಕ್ಕೊಂಡ್ರೆ… ಹಲೋ?… ಅತ್ತಿಗೆ, ಕೇಳಿಸ್ತಿದೆಯಾ?… ಹಲೋ—"