ಟಿಕಳಿಯ ಕೆಳಗಿನ ಮೂರು ಅಂಕಿ

ಹೇಳಿಕೆ ಕೊಟ್ಟವರು: ಸರೋಜವ್ವ ಕೋಂ ಫಕ್ಕೀರಪ್ಪ, ವಯಸ್ಸು 54, ಉದ್ಯೋಗ: ರೊಟ್ಟಿ ವ್ಯಾಪಾರ ಹಾಗೂ ಮಹಿಳಾ ಸಂಘದ ಅಧ್ಯಕ್ಷೆ, ಸಾ: ಹಂಸಭಾವಿ, ತಾ: ಹಿರೇಕೆರೂರ, ಜಿ: ಹಾವೇರಿ.

ಠಾಣೆಗೆ ಖುದ್ದಾಗಿ ಹಾಜರಾಗಿ, ಹಿರೇಕೆರೂರ, ಹಾನಗಲ್ಲ, ಶಿಗ್ಗಾಂವ, ಸವಣೂರ ಈ ನಾಲ್ಕೂ ತಾಲೂಕಿನ ಸಮಸ್ತ ಜನತೆಗೆ ಗೊತ್ತಾಗಲೆಂದು ಈ ಮೂಲಕ ಸಾರಿ ತಿಳಿಸುವುದೇನೆಂದರೆ, ನನ್ನ ಬ್ಯಾಂಕ್ ಕಾರ್ಡಿನ ಬೆನ್ನ ಮೇಲಿನ ಮೂರು ಅಂಕಿಗಳು ಈ ಹೇಳಿಕೆ ಬರೆಸುವ ಕ್ಷಣದವರೆಗೂ ನನ್ನವಾಗಿಯೇ ಇವೆ.

ನಮ್ಮ ಸಂಘದ ಹೆಣ್ಣುಮಕ್ಕಳು ರೊಟ್ಟಿ ಒತ್ತುವ ಯಂತ್ರಕ್ಕಾಗಿ ಕೂಡಿಸಿದ ದುಡ್ಡು ನನ್ನ ಖಾತೆಯಲ್ಲಿತ್ತು. ಅದು ಹೋಗಿದ್ದರೆ ಊರಲ್ಲಿ ತಲೆ ಎತ್ತಿ ತಿರುಗುವುದು ಹಾಗಿರಲಿ, ನಳದ ಹತ್ತಿರ ಕೊಡ ಹಿಡಿದು ನಿಲ್ಲಲೂ ಆಗುತ್ತಿರಲಿಲ್ಲ. ಯಂತ್ರವನ್ನು ಫೋನಿನಲ್ಲೇ ತರಿಸಬೇಕಾದ್ದರಿಂದ ಬ್ಯಾಂಕಿನಿಂದ ಕಾರ್ಡು ಪಡೆದು, ಒಂದೆರಡು ಅಂಗಡಿಯಲ್ಲಿ ಉಜ್ಜಿಯೂ ನೋಡಿದ್ದೆ.

ದಿನಾಂಕ 01-10-2025ರಂದು ಮಹಾನವಮಿಯ ಆಯುಧ ಪೂಜೆ. ದುಡಿಯುವ ಸಾಮಾನಿಗೆಲ್ಲ ಪೂಜೆಯಾಗಬೇಕೆಂದು ಹಂಚು, ಮಣೆ, ಜರಡಿ, ಸೌಟು ಇವುಗಳ ಸಾಲಿನಲ್ಲಿ ಕಾರ್ಡನ್ನೂ ಇಟ್ಟು, ವಿಭೂತಿ ಹಚ್ಚಿ, ಹೂ ಏರಿಸಿದೆ. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಹಬ್ಬದ ಬೆಳಗಿನತನಕ ಮುಟ್ಟುವಂತಿಲ್ಲ. ಇದು ನಮ್ಮ ಅತ್ತೆಯವರ ಕಾಲದಿಂದ ಬಂದ ಕಾಯಿದೆ.

ಮಧ್ಯಾಹ್ನ ಒಬ್ಬ ಅಪರಿಚಿತ ಫೋನ್ ಮಾಡಿ, ತಾನು ಬ್ಯಾಂಕಿನವನೆಂದೂ, ಸಂಜೆಯೊಳಗೆ ಕಾರ್ಡು ಬಂದ್ ಆಗುವುದೆಂದೂ, ಉಳಿಸಿಕೊಳ್ಳಬೇಕಾದರೆ ಹಿಂದಿನ ಮೂರು ಅಂಕಿ ಹೇಳಬೇಕೆಂದೂ ತಿಳಿಸಿದ. ಕಾರ್ಡಿನ ಮುಂಬದಿಯ ನಂಬರನ್ನು ತಾನೇ ಗಡಗಡ ಓದಿ ಹೇಳಿದ್ದರಿಂದ ನಾನು ನಂಬಿದೆ. ಹೇಳಲು ನನ್ನ ಅಡ್ಡಿಯೇನೂ ಇರಲಿಲ್ಲ. ಆದರೆ ಕಾರ್ಡು ಪೂಜೆಗೆ ಕುಳಿತಿದೆ, ಬೆನ್ನು ಕೆಳಗಾಗಿದೆ, ನಾಳೆ ಮಾಡಿರಿ ಎಂದೆ. ಸ್ವಲ್ಪ ಮಗುಚಿ ನೋಡಬೇಕೆಂದು ಅವನು ಬೇಡಿಕೊಂಡ. ಪೂಜೆಗೆ ಕುಳಿತವರನ್ನು ಮಗುಚುವ ಪದ್ಧತಿ ನಿಮ್ಮ ಮನೆಯಲ್ಲಿದೆಯೇ ಎಂದು ಕೇಳಿದೆ. ಇದ್ದಂತಿರಲಿಲ್ಲ. ಫೋನಿಟ್ಟ.

ನನ್ನ ಯಜಮಾನರಾದ ಫಕ್ಕೀರಪ್ಪನವರು, ಬ್ಯಾಂಕಿನವರನ್ನು ಎದುರು ಹಾಕಿಕೊಳ್ಳಬಾರದೆಂದೂ, ಕೈಯಿಂದ ಮುಟ್ಟಿದರಷ್ಟೇ ದೋಷ, ಸೌಟಿನಿಂದ ಎತ್ತಿದರೆ ಇಲ್ಲವೆಂದೂ ವಾದಿಸಿದರು. ಸೌಟೂ ಪೂಜೆಗೆ ಕುಳಿತಿರುವುದನ್ನು ಅವರ ಗಮನಕ್ಕೆ ತರಲಾಯಿತು.

ಅಷ್ಟರಲ್ಲಿ ಊಟಕ್ಕೆ ಕರೆದಿದ್ದ ನೆರೆಮನೆಯ ನುಜಹತ ಬಂದಳು. ಇವಳೂ ಸಂಘದವಳೇ. ಬಟ್ಟೆ ಹೊಲಿಯುತ್ತಾಳೆ, ಲೇಸು, ಗುಂಡಿಗಳನ್ನು ಕಾರ್ಡಿನಿಂದ ಫೋನಿನಲ್ಲೇ ತರಿಸುತ್ತಾಳೆ. ವಿಷಯ ಕೇಳಿ ಕೈಯಲ್ಲಿದ್ದ ಹೋಳಿಗೆಯನ್ನು ತಾಟಿಗಿಟ್ಟಳು.

"ಅಕ್ಕಾರ, ಮುಂದಿನ ನಂಬರ ಅಂದ್ರ ಮನಿ ವಿಳಾಸ ಇದ್ದಂಗ. ಎಲ್ಲೋ ಸೋರಿ ಅವನ ಕೈಗೆ ಸಿಕ್ಕೈತಿ, ಬಾಗಲದ ಮಟಾ ಬಂದು ನಿಂತಾನ. ಹಿಂದಿನ ಮೂರು ಅಂಕಿ ಒಳಗಿನ ಚಿಲಕ. ಅದು ಅವನ ಕಡೆ ಇಲ್ಲ, ಅದಕ್ಕ ಬೇಡಾಕತ್ತಾನ. ಬ್ಯಾಂಕಿನಾವ್ರು ಯಾವತ್ತೂ ಅದನ್ನ ಕೇಳಂಗಿಲ್ರಿ."

ನಮ್ಮನ್ನು ಕಣ್ಣಾರೆ ನೋಡದ ಅಂಗಡಿಗೆ, ಕಾರ್ಡು ನಮ್ಮ ಕೈಯಲ್ಲೇ ಇದೆಯೆಂದು ತೋರಿಸಲು ಆ ಅಂಕಿ ಇರುವುದೆಂದೂ, ನಾವೇ ತೆರೆದ ಅಂಗಡಿಯ ಪುಟದಲ್ಲಿ ನಾವೇ ಒತ್ತಬೇಕೇ ಹೊರತು ಬಾಯಿಬಿಟ್ಟು ಯಾರಿಗೂ ಹೇಳಬಾರದೆಂದೂ, ಫೋನಿಗೆ ಬರುವ ಓಟಿಪಿಗೂ ಇದೇ ಕಾಯಿದೆಯೆಂದೂ ವಿವರಿಸಿದಳು. ಆ ಫೋನು ಹಿಂದಿನ ದಿನ ಬಂದಿದ್ದರೆ ಅಂಕಿಯ ಜೊತೆಗೆ ಹಬ್ಬದ ಊಟಕ್ಕೂ ಕರೆದಿರುತ್ತಿದ್ದೆ.

ಮರುದಿನ ಬೆಳಿಗ್ಗೆ ಕಾರ್ಡನ್ನು ಎತ್ತಿ ವಿಭೂತಿ ಒರೆಸುತ್ತಿರುವಾಗಲೇ ಅವನ ಫೋನು ಬಂತು. ಪೂಜೆ ಸಾಂಗವಾಗಿ ಮುಗಿಯಿತೇ ಎಂದು ಬಹಳ ಭಕ್ತಿಯಿಂದ ವಿಚಾರಿಸಿದ. ಮುಗಿಯಿತೆಂದೆ. ಹಾಗಾದರೆ ಅಂಕಿ ಹೇಳಬೇಕೆಂದ. ಫಕ್ಕೀರಪ್ಪನವರು ಬಾಗಿಲ ಹತ್ತಿರ ಕಿವಿಗೊಟ್ಟು ನಿಂತಿದ್ದರು. ನಾನು ಹೇಳಿದ್ದು ಇಷ್ಟೇ:

"ತಮ್ಮಾ, ಬನ್ನಿ ತಗೊಂಡು ಬಂಗಾರದಂಗ ಇರು. ಅಂಕಿ ಮಾತ್ರ ಕೊಡಂಗಿಲ್ಲ."

ಆಮೇಲೆ ಅವನು ಆಡಿದ ಮಾತುಗಳು ಹಬ್ಬಕ್ಕೆ ತಕ್ಕವಲ್ಲವಾದ್ದರಿಂದ ಬರೆಸಿಲ್ಲ. ನುಜಹತ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅವನ ನಂಬರು ಬರೆಸಿದಳು. ಬ್ಯಾಂಕಿಗೂ ತಿಳಿಸಿದ್ದೇವೆ. ಅದೇ ಮಧ್ಯಾಹ್ನ ಯಂತ್ರದ ಅಂಗಡಿಯ ಪುಟವನ್ನು ನಾನೇ ತೆರೆದು, ನನ್ನ ಬೆರಳಿನಿಂದಲೇ ಅಂಕಿ ಒತ್ತಿ, ಕಾರ್ಡಿನ ವಿವರ ಉಳಿಸಿಕೊಳ್ಳಲೇ ಎಂದು ಅದು ಕೇಳಿದ್ದಕ್ಕೆ ಬೇಡವೆಂದು, ಯಂತ್ರಕ್ಕೆ ಆರ್ಡರ್ ಹಾಕಿದೆ. ಸಂಘದ ದುಡ್ಡು ಸಂಘದ ಯಂತ್ರಕ್ಕೇ ಹೋಯಿತು. ಸಂಜೆ ಬನ್ನಿ ಕೊಡಲು ಬಂದ ಹೆಣ್ಣುಮಕ್ಕಳು ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ ಆರತಿ ಎತ್ತಿದರು. ಫಕ್ಕೀರಪ್ಪನವರು, ತಾವು ಸೌಟು ಮುಟ್ಟದೇ ಇದ್ದುದರಿಂದಲೇ ಇದೆಲ್ಲ ಸಾಧ್ಯವಾಯಿತೆಂದು ಎಲ್ಲರಿಗೂ ಹೇಳಿದರು.

ನಂತರ ಅಂಕಿಯನ್ನು ಬಾಯಿಪಾಠ ಮಾಡಿ, ಅದರ ಮೇಲೆ ಹಣೆಗೆ ಹಚ್ಚುವ ಮೂರು ಸಣ್ಣ ಟಿಕಳಿ ಅಂಟಿಸಿದ್ದೇನೆ. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಹುಲಗೇಶ ಸಾಹೇಬರು, ದಾಖಲೆ ಪೂರ್ತಿಯಾಗಲು ಆ ಅಂಕಿಯನ್ನೂ ಹೇಳಬೇಕೆಂದರು. ಹೇಳಲು ನಿರಾಕರಿಸಿದ್ದೇನೆ. ಅವರು, ತಾವು ಪರೀಕ್ಷೆ ಮಾಡಿದ್ದಾಗಿ ತಿಳಿಸಿದರು. ನಂಬಿದ್ದೇನೆ.

ಮೇಲೆ ಬರೆಸಿದ್ದೆಲ್ಲ ನಡೆದದ್ದೇ. ಓದಿಸಿ ಕೇಳಿದ್ದೇನೆ, ಒಂದು ಮಾತೂ ಹೆಚ್ಚಿಲ್ಲ, ಮೂರು ಅಂಕಿ ಮಾತ್ರ ಕಡಿಮೆ ಇವೆ.

ಸ್ಥಳ: ಹಂಸಭಾವಿ
ದಿನಾಂಕ: 03-10-2025
ಸಹಿ: ಸರೋಜವ್ವ

ವಿ.ಸೂ.: ಠಾಣೆಯಲ್ಲಿ ದಾಖಲೆಗಾಗಿ ಕಾರ್ಡಿನ ಎರಡೂ ಬದಿಯ ಝೆರಾಕ್ಸ್ ತೆಗೆಯುವಾಗ ಯಂತ್ರದ ಬಿಸಿಗೆ ಟಿಕಳಿ ಉದುರುವ ಸಂಭವವಿದೆ. ಈ ಹಾಳೆಯ ಮೂಲೆಯಲ್ಲಿ ಹೆಚ್ಚಿನದೊಂದು ಟಿಕಳಿ ಅಂಟಿಸಿಟ್ಟಿದ್ದೇನೆ. ಉದುರಿದರೆ, ಇದನ್ನು ಓದುತ್ತಿರುವವರು ದಯವಿಟ್ಟು ಕಣ್ಣು ಮುಚ್ಚಿಕೊಂಡು ಅದನ್ನು ಆ ಜಾಗಕ್ಕೆ ಅಂಟಿಸಿ ಕೊಡಬೇಕು.