ಗೋಡ್ಯಾಗಿನ ಘಾಟು

ಓಡೂಣಂತ, ಆಮ್ಯಾಲೆ ಓಡೂಣಂತ. ಮದ್ಲ ಈ ಕಟ್ಟಿ ಮ್ಯಾಲೆ ಕುಂದ್ರು. ಒಂದ ಮಾತ ಕೇಳ್ತೀನಿ, ಖರೇ ಹೇಳಬೇಕು... ನಗತೀ ಯಾಕ? ನಗಬ್ಯಾಡ ಶಾನವಾಜ! ನೀ ನಗೂದ್ರಾಗ ಏನೋ ಐತಿ.

ತಡಿ... ಒಂದೀಟ ಕೆಮ್ಮು... ಹಾಂ. ಈ ಘಾಟು ನೋಡು! ಇದ ಬ್ಯಾಡಗ್ಯಾಗ ಹುಟ್ಟಿ, ಇದ ಬ್ಯಾಡಗ್ಯಾಗ ಮಕ್ಕಳಿಗೆ ಡ್ರಿಲ್ ಕಲಿಸಿ ರಿಟೈರ್ ಆದ್ರೂ ಮೆಣಸಿನಕಾಯಿ ಘಾಟು ನನ್ನ ಬಿಡವಲ್ದು. ಈ ಮಾರ್ಕೆಟ್ ಯಾರ್ಡಿನ ಗೇಟ್ ಬಂತಂದ್ರ ಸಾಕು, ಗಂಟಲಾಗ ಕುಂತಬಿಡತೈತಿ. ಬ್ಯಾಡ, ನೀರು ಬ್ಯಾಡ. ಒಳಗಿಡು ಆ ಬಾಟ್ಲಿ. ಅಲ್ಲಾ, ನೀ ಯಾವಾಗಿಂದ ಬಾಟ್ಲಿ ಹಿಡಕೊಂಡ ಓಡಾಕ ಹತ್ತೀದಿ? ಮದ್ಲ ಕಿಸೇದಾಗ ಕರ್ಚೀಪ್ ಇದ್ರೂ ಭಾರ ಅಂತಿದ್ದಿ!

ಹಾಂ, ನಾ ಕೇಳೂ ಮಾತು ಇದ. ನೀ ನನ್ನ ಹಿಂದ ಯಾಕ ಓಡ್ತೀ?

ಹುಬ್ಬ ಏರಿಸಬ್ಯಾಡ. ಸಾಲ್ಯಾಗ ನನ್ನ ಕೈಯಾಗ ಓಡಾಕ ಕಲತಾಂವ ನೀ. ಆವಾಗಿಂದ್ಲೂ ನೀ ಮುಂದ, ನಾ ಒದರಕೊಂತ ಹಿಂದ. ಸ್ಟೇಶನ್ ರೋಡ್ ಹಿಡದಿ ಅಂದ್ರ ನಿನ್ನ ಬೆನ್ನೂ ಕಾಣ್ತಿದ್ದಿಲ್ಲ. ಈಗ? ಈಗ ನಾ ಮುಂದ, ನೀ ಹಿಂದ! ನಾ ನಿಂತ್ರ ನೀ ನಿಲ್ತೀ. ನಾ ಲೇಸ್ ಕಟ್ಟಾಕ ಬಗ್ಗಿದ್ರ ನೀನೂ ಬಗ್ಗತೀ. ನಿನ್ನ ಬೂಟಿಗೆ ಲೇಸೇ ಇಲ್ಲಲ್ಲೋ ಮಾರಾಯಾ!

ನಿನಗೂ ಐವತ್ತರ ಹತ್ರ ಬಂತು, ಮೊಣಕಾಲು ನೋಯಾಕತ್ತಿರಬೇಕು ಅಂತ ತಿಳಕೊಂಡಿದ್ದೆ. ಪಾಪ, ನಿನಗ ನಾಚಿಕಿ ಆಗಬಾರದಂತ ನಾನೇ ಸಾವಕಾಶ ಓಡಾಕತ್ತಿದ್ದೆ. ಖರೇನೋ! ನಿನ್ನ ಸಲುವಾಗಿ. ಮತ್ತ ನಿನ್ನೆ ಸಂಜೀಕ ಸ್ಟೇಶನ್ನಿನ್ಯಾಗ ಏನ ನೋಡಿದೆ? ರಾಣೇಬೆನ್ನೂರ ಕಡೆ ಹೋಗೂ ಗಾಡಿ ಹೊಂಟಬಿಟ್ಟಿತ್ತು, ನೀ ಬೆನ್ನತ್ತಿ ಓಡಿ ಜಿಗದ ಹತ್ತಿದಿ! ಯಾವ ಮೊಣಕಾಲಪಾ ಅದು?

ಯಾಕ ಆ ಕಡೆ ನೋಡಾಕತ್ತಿ?

ನನಗ ಗೊತ್ತೈತಿ. ನಮ್ಮ ಸುಲಭಾ ನಿನಗ ಮಂಡಕ್ಕಿ ಒಗ್ಗರಣಿ ತಿನ್ನಿಸಿ ಬುಟ್ಟಿಗೆ ಹಾಕ್ಕೊಂಡಾಳ. "ನಮ್ಮ ಮಾಸ್ತರ ಹಿಂದಿಂದ ಇರಪಾ, ಏನರ ಆದ್ರ ಫೋನ್ ಮಾಡು." ಹೌದಲ್ಲೋ? ಗಂಡನ್ನ ಕಾಯಾಕ ಆಳು ಇಟ್ಟಾಳ!

ಅಕಿಗೆ ಒಂದ ಮಾತು ಹೇಳಿದಿ ಅಂದ್ರ ನನ್ನ ಓಟ ಮುಗೀತು ತಿಳಕೊ. ಬೂಟು ಅಟ್ಟದ ಮ್ಯಾಲೆ. ಬರೂ ಐತವಾರ ಹಾವೇರ್ಯಾಗ ಹಿರಿಯರ ಓಟ ಐತಿ, ಅದೂ ಹೋತು. ಆಮ್ಯಾಲೆ ಮನಿಯಾಗ ಕುಂತು ಏನ ಮಾಡ್ಲಿ ನಾ? ಓಡೂದು ಬಿಟ್ಟು ನನಗ ಬ್ಯಾರೆ ಏನ ಬರತೈತಿ?

ಮತ್ತ ಅಕಿಗೆ ಹೇಳೂವಂಥಾದ್ದ ಏನೈತಿ? ಏನೂ ಇಲ್ಲ! ವಯಸ್ಸಾತು, ಕಾಲು ಭಾರ ಆಗ್ಯಾವ... ಒಪ್ಗೊಂತೀನಿ. ಮದ್ಲಿನ ಜೋರು ಇಲ್ಲ... ಅದನ್ನೂ ಒಪ್ಗೊಂತೀನಿ. ಎದೀ ಮಾತು ಬಿಡು. ಎದಿಗೇನಾಗೇತಿ? ನೀ ಎದಿ ಅಂದಿಲ್ಲ? ...ಹೋಗ್ಲಿ, ಯಾರರ ಅಂದಿರ್ಲಿ. ಇದು ಬರೇ ಘಾಟು.

ಮ್ಯಾಲೆ ಆ ಮ್ವಾಡ ನೋಡಬ್ಯಾಡ! ಗೊತ್ತೈತಿ, ಶ್ರಾವಣ ಬಂತು, ಸೀಜನ್ ಮುಗದೈತಿ, ಮಾಲೆಲ್ಲಾ ಕೋಲ್ಡ್ ಸ್ಟೋರೇಜಿನ್ಯಾಗ ಐತಿ. ಮೆಣಸಿನಕಾಯಿ ದಲಾಲಿ ಮಾಡಾಂವ ನೀ, ಇಷ್ಟ ಗೊತ್ತಿಲ್ಲೇನು? ಮಾಲು ಹೋದ್ರೂ ಘಾಟು ಹೋಗೂದಿಲ್ಲ. ಗೋಡ್ಯಾಗ ಇರತೈತಿ. ನೆಲದಾಗ ಇರತೈತಿ. ಮಳಿ ಬಿದ್ರೂ ಹೋಗೂದಿಲ್ಲ!

ಎಲ್ಲಿ ಹೊಂಟಿ? ಶಾನವಾಜ! ಗೇಟಿನ ಹತ್ರ ಏನೈತಿ? ...ಬಗ್ಗಿ ಏನ ಆರಿಸಾಕತ್ತಿ? ಮಣ್ಣು? ಆ ಮಣ್ಣ ಯಾಕ ಮೂಗಿಗೆ ಹಿಡೀತೀ? ಹುಚ್ಚಗಿಚ್ಚ ಹಿಡದೈತೇನು! ಉಸರ ಎಳೀಬ್ಯಾಡೋ, ಸೀನಿ ಸೀನಿ ಸಾಯ್ತೀ...

...

ಸೀನು.

ಸೀನೋ ಶಾನವಾಜ. ಒಂದರ ಸೀನು... ಕೆಮ್ಮರ ಕೆಮ್ಮು...

ಹಂಗ ನೋಡಬ್ಯಾಡ ನನ್ನ.

...ಯಾವಾಗಿಂದ ಗೊತ್ತಿತ್ತು ನಿನಗ? ನನ್ನ ಉಸರು ಕೇಳಾಕ ಹಿಂದ ಓಡ್ತಿದ್ದಿಯೇನು? ಹಿಂದಿನಾಂವಗ ಅಷ್ಟ ಜೋರ ಕೇಳಸ್ತೈತೇನೋ?

ಎದಿ ಹಿಡಕೊಂತೈತಿ, ಶಾನವಾಜ. ಇಲ್ಲಿ ಬಂದಾಗ ಅಲ್ಲ... ಮನಿ ಮುಂದಿನ ತಿರುವು ದಾಟಿದ ಕೂಡ್ಲೇ. ಭಾಳ ಅಂಜಿಕಿ ಆಗತೈತಿ.

ತಾ ಇಲ್ಲೆ... ಆ ಬಾಟ್ಲಿ.