ಹೊನ್ನಮ್ಮನ ಹೆಸರಿನ ಕೋಣೆ

ಅಧ್ಯಕ್ಷತೆ ವಹಿಸಿರುವ ನನ್ನ ಶಿಷ್ಯೆ ಸಂಧ್ಯಾ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಬೆಳಂಬಾರದಿಂದ ಗುಡ್ಡೆ ಹತ್ತಿ ಬಂದು ಇನ್ನೂ ಏದುಸಿರು ಬಿಡುತ್ತಿರುವ ಸಭಿಕರೇ, ನನ್ನ ಮಕ್ಕಳೇ! ಮಕ್ಕಳೆಂದರೆ ತಲೆ ನರೆತವರೂ ಸೇರಿದ್ದಾರೆ.

ಶಾಲೆಗೆ ನಲವತ್ತು ತುಂಬಿದ ಈ ದಿನ ಐದೇ ನಿಮಿಷ ಮಾತಾಡಿ ಎಂದಿದ್ದಾರೆ. ಮೂವತ್ತೇಳು ವರ್ಷ ಇಲ್ಲಿ ಗಂಟೆ ಹೊಡೆಸಿದವನಿಗೆ ಐದು ನಿಮಿಷ ಎಷ್ಟೆಂದು ಗೊತ್ತು. ಆದರೂ ಮೀರುತ್ತೇನೆ.

ಈ ಹೊಸಗುಡ್ಡೆಗೆ ಮೊದಲು ಬಂದವರು ಯಾರು? ಹೊಳೆದಂಡೆಯ ತಮ್ಮೂರು ಅಣೆಕಟ್ಟಿನ ನೀರಿಗೆ ಹೋದಾಗ ಗಂಟುಮೂಟೆ ಹೊತ್ತು ಬಂದ ಜಟ್ಟು ಮತ್ತು ಅವರ ತಮ್ಮ ಮಾದೇವ. ಶಾಲೆಗೆ ಅವರಿಬ್ಬರದೇ ಹೆಸರು. ಆ ಹೆಸರುಗಳನ್ನು ಸರಕಾರಕ್ಕೆ ಬರೆದು ಕಳಿಸಿದವನು ನಾನು, ಆಗಿನ್ನೂ ಇಪ್ಪತ್ಮೂರರ ಬಾಬು ಮಾಸ್ತರ. ಮನೆಮಾತು ಕೊಂಕಣಿ, ಹುಟ್ಟಿದ್ದು ಕಾರವಾರ. ಬೈತಖೋಲ ಬಂದರದ ಗದ್ದಲ ಕೇಳದಿದ್ದರೆ ಊಟ ಸೇರದವನು. ಬಂದ ವಾರವೇ ವರ್ಗಾವಣೆಗೆ ಅರ್ಜಿ ಹಾಕಿದ್ದೆ!

ಹೆಸರು ಬರೆಯುವಾಗ ಜಟ್ಟು ಹೇಳಿದರು: "ಮಾಸ್ತರೆ, ನಮ್ಮ ಹೊನ್ನಮ್ಮಂದೂ ಬರೀರಿ. ಶಾಲೆ ಕಲ್ಲು ಮುಕ್ಕಾಲು ಪಾಲು ಹೊತ್ತದ್ದು ಅವ್ಳೇಯ."

ನಾನು ನಕ್ಕುಬಿಟ್ಟೆ. "ಹೆಂಗಸರ ಹೆಸರು ಶಾಲೆಗೆ ಯಾರು ಇಡ್ತಾರೆ ಮಾರಾಯ್ರೆ?"

ಚಹಾ ತಂದಿದ್ದ ಜಟ್ಟು ಅವರ ಹೆಂಡತಿ ಹೊನ್ನಮ್ಮ ಬಾಗಿಲಲ್ಲೇ ಇದ್ದರು. "ಬ್ಯಾಡ ಬಿಡಿ. ಬರೆದ್ರೂ ನಂಗೆ ಓದೂಕೆ ಬರೂದಿಲ್ಲ" ಎಂದು ಲೋಟ ಕೈಗಿತ್ತರು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ. ಒಪ್ಪಿಗೆಯಾಗಿತ್ತೇ ಅದು?

ಆಮೇಲೆ ಅವರು ಮಾಡಿದ್ದನ್ನು ಕೇಳಿ. ಅಂಕೋಲೆ ಪೇಟೆಗೆ ಹರಿವೆ ಸೊಪ್ಪು ಮಾರಲು ಹೋದಾಗಲೆಲ್ಲ ರದ್ದಿ ಅಂಗಡಿಯವನಿಗೆ ಒಂದು ಕಟ್ಟು ಕೊಟ್ಟು ಶಾಲೆಗೆ ಒಂದು ಪುಸ್ತಕ ತರತೊಡಗಿದರು. ಚಿತ್ರ ನೋಡಿ ಆರಿಸುವುದು. ಪಂಪ್ ರಿಪೇರಿಯ ಪುಸ್ತಕ ಬಂತು, ಮೊದಲ ಹಾಳೆಗಳಿಲ್ಲದ ಕಾದಂಬರಿ ಬಂತು. ಒಮ್ಮೆ ಮರಾಠಿ ಅಡುಗೆ ಪುಸ್ತಕ ಬಂತು.

"ಇದು ಮರಾಠಿ, ಹೊನ್ನಮ್ಮ. ಇದನ್ನ ಯಾಕೆ ತಂದ್ರಿ?"

"ಯಾಕೆ, ಅದೂ ಅಕ್ಷರ ಅಲ್ದಾ?"

ತರಗತಿ ನಕ್ಕಿತು. ನಾನು ಮಕ್ಕಳಿಗಿಂತ ಜೋರಾಗಿ ನಕ್ಕೆ. ಆಮೇಲೆ ನಾಲ್ಕು ತಿಂಗಳು ಪುಸ್ತಕ ಬರಲಿಲ್ಲ. ಕೊನೆಗೆ ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, "ಸರ್, ಹೊನ್ನಕ್ಕ ಯಾಕೆ ಪುಸ್ತಕ ತರೂದಿಲ್ಲ? ನೀವು ಬೈದ್ರಾ?" ಎಂದು ಕೇಳಿದಳು. ಆ ಹುಡುಗಿ ಇವತ್ತು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದಾಳೆ. ಕ್ಷಮಿಸಿ, ಕೂತಿದ್ದಾರೆ.

ಅಂದು ಸಂಜೆ ಅವರ ಮನೆಗೆ ಹೋಗಿ, ತಪ್ಪಾಯಿತು ಎಂದೆ. ಮುಂದಿನ ಸಂತೆಯ ದಿನ ಎರಡು ಪುಸ್ತಕ ಬಂದವು. ಮರುವರ್ಷ ಕಾರವಾರಕ್ಕೆ ವರ್ಗಾವಣೆಯ ಆದೇಶ ಬಂತು. ಬೇಡವೆಂದು ಬರೆದುಕೊಟ್ಟೆ.

ಮುಂದಿನದು ನಾನು ಬರೆದು ತಂದ ಚೀಟಿಯಲ್ಲಿಲ್ಲ. ಸಾವಿರಾರು ಮಕ್ಕಳ ಕೈಹಿಡಿದು ತಿದ್ದಿಸಿದೆ. ಶಾಲೆಯ ಎದುರಿನ ಹೊನ್ನಮ್ಮನ ಮನೆಯಲ್ಲಿ ದಿನಾ ಚಹಾ ಕುಡಿದೆ. ಆ ಹೆಂಗಸಿಗೆ ಒಂದಕ್ಷರ ಕಲಿಸಬೇಕೆಂದು ಒಂದು ದಿನವೂ ನನಗೆ ಹೊಳೆಯಲಿಲ್ಲ. ಎಂಥ ಮಾಸ್ತರ ನಾನು?

ಇಂದು ತೆರೆಯುತ್ತಿರುವ ಗ್ರಂಥಾಲಯಕ್ಕೆ ಹೊನ್ನಮ್ಮನ ಹೆಸರಿಟ್ಟವರು ನೀವು, ನಾನಲ್ಲ. ಮೊನ್ನೆ ಅವರ ಮನೆಗೆ ಹೋದೆ. ಜಟ್ಟು ತೀರಿಕೊಂಡು ಎರಡು ವರ್ಷವಾಯಿತು. "ಸೋಮವಾರದಿಂದ ಹೊಸ ಕೋಣೆಯಲ್ಲಿ ಕೂರೋಣ, ನಿಮ್ಮ ಹೆಸರು ಬರೆಯಲು ಕಲಿಸ್ತೇನೆ" ಎಂದೆ.

ಎಪ್ಪತ್ತೈದರ ಹೊನ್ನಮ್ಮ ಹೇಳಿದರು: "ಬತ್ತೆ ಮಾಸ್ತರೆ. ಆದ್ರೆ ಮೊದ್ಲು ಅವ್ರ ಹೆಸ್ರು ಕಲ್ಸಿ. ಗಂಡನ ಹೆಸ್ರು ಹೇಳೂಕಾಗದು ಅಂದಿ ಬಾಯಲ್ಲಿ ಒಂದಿನನೂ ಹೇಳ್ಲಿಲ್ಲ. ಕೈಯಲ್ಲಾರೂ ಬರೀತೆ."

ಸೋಮವಾರ ಹತ್ತು ಗಂಟೆಗೆ ತರಗತಿ. ಇಷ್ಟು ಹೊತ್ತು ಬಿಸಿಲಲ್ಲಿ ಕೂತು ಕೇಳಿದ್ದಕ್ಕೆ ಋಣಿ. ಮುಂದಿನ ಸಾಲಿನಲ್ಲಿ ಕೂತ ಹೊನ್ನಮ್ಮನಿಗೆ ಮೊದಲು, ಆಮೇಲೆ ತಮಗೆಲ್ಲ, ನಮಸ್ಕಾರ.